ಸೇಂಟ್ ಪ್ಯಾಂಕ್ರಸ್ ವಾರ್ಡಿನಿಂದ ಲೋಕಸಭೆಯವರೆಗೆ

ವಿ.ಕೆ. ಕೃಷ್ಣ ಮೆನನ್ ಎಂದೊಡನೆ ನಮ್ಮವರಿಗೆ ಸಾಮಾನ್ಯವಾಗಿ ನೆನಪಾಗುವುದು ಎರಡೇ ಸಂಗತಿ. ಒಂದು, 1957ರ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಅವರು ಮಾಡಿದ ಸುಮಾರು ಎಂಟು ಗಂಟೆಗಳ ಭಾಷಣ. ಇನ್ನೊಂದು, 1962ರಲ್ಲಿ ಚೀನಾದ ಎದುರು ನಮ್ಮ ಸೈನ್ಯ ಸೋತಾಗ ರಕ್ಷಣಾ ಸಚಿವರಾಗಿದ್ದ ಅವರು ಹುದ್ದೆ ಕಳೆದುಕೊಂಡದ್ದು. ಇವೆರಡರ ಹಿಂದೆ ಇನ್ನೊಬ್ಬ ಮೆನನ್ ಇದ್ದಾರೆ. ಲಂಡನ್ನಿನ ಒಂದು ವಾರ್ಡಿನಿಂದ ಆರಿಸಿ ಬಂದು, ಹದಿಮೂರು ವರ್ಷ ಅಲ್ಲಿನ ಚರಂಡಿ, ಬೀದಿದೀಪ, ಗ್ರಂಥಾಲಯಗಳ ಚರ್ಚೆಯಲ್ಲಿ ಕುಳಿತಿದ್ದ ಮೆನನ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಲಂಡನ್ನಿನ ಒಬ್ಬ ಕಾರ್ಪೊರೇಟರ್.

ಆ ಕಾರ್ಪೊರೇಟರ್ ಬ್ರಿಟನ್ನಿನ ಪಾರ್ಲಿಮೆಂಟಿಗೂ ಹೋಗಬೇಕಾಗಿತ್ತು. ಅದಕ್ಕೆ ಕ್ಷೇತ್ರವೂ ಗೊತ್ತಾಗಿತ್ತು. ಅದು ಯಾಕೆ ತಪ್ಪಿತು, ತಪ್ಪಿದ ಮೇಲೆ ಏನಾಯಿತು ಎಂಬುದು ಒಬ್ಬ ವ್ಯಕ್ತಿಯ ಏಳುಬೀಳಿನ ಕತೆ ಮಾತ್ರ ಅಲ್ಲ. ಮತ ಕೇಳಲು ಬಂದವನನ್ನು ಜನ ಯಾವಾಗ 'ನಮ್ಮವ' ಎನ್ನುತ್ತಾರೆ, ಯಾವಾಗ 'ಹೊರಗಿನವ' ಎನ್ನುತ್ತಾರೆ ಎಂಬ ಪ್ರಶ್ನೆಯೂ ಇದರಲ್ಲಿ ಹೆಣೆದುಕೊಂಡಿದೆ.

ಮೊದಲು ಒಂದು ಸಂದೇಹ ಪರಿಹಾರವಾಗಬೇಕು. ಭಾರತ ಬ್ರಿಟಿಷರ ಕೈಯಲ್ಲಿದ್ದಾಗ ಒಬ್ಬ ಭಾರತೀಯ ಲಂಡನ್ನಿನಲ್ಲಿ ಚುನಾವಣೆಗೆ ನಿಲ್ಲುವುದು ಹೇಗೆ ಸಾಧ್ಯವಾಯಿತು? ಉತ್ತರ ಸರಳ, ಆದರೆ ಸೋಜಿಗದ್ದು. ಸಾಮ್ರಾಜ್ಯದಲ್ಲಿ ಹುಟ್ಟಿದವರೆಲ್ಲ ಕಾನೂನಿನ ದೃಷ್ಟಿಯಲ್ಲಿ ಬ್ರಿಟಿಷ್ ಪ್ರಜೆಗಳು. ಅಂಥವನೊಬ್ಬ ಇಂಗ್ಲೆಂಡಿಗೆ ಬಂದು ನೆಲೆಸಿದರೆ ಅಲ್ಲಿನವರಿಗಿದ್ದ ನಿಯಮಗಳೇ ಅವನಿಗೂ. ಮತ ಹಾಕಬಹುದು, ಚುನಾವಣೆಗೂ ನಿಲ್ಲಬಹುದು. ಅದೇ ಮನುಷ್ಯ ತನ್ನ ಊರಿನಲ್ಲೇ ಉಳಿದಿದ್ದರೆ ಈ ಹಕ್ಕು ಇರುತ್ತಿತ್ತೆಂಬ ಖಾತರಿಯಿಲ್ಲ. 1935ರ ಕಾಯಿದೆ ಬಂದ ಮೇಲೂ ನಮ್ಮ ಪ್ರಾಂತ್ಯಗಳಲ್ಲಿ ಮತದ ಹಕ್ಕು ದೊರೆತದ್ದು ಮೂರು ಕೋಟಿ ಚಿಲ್ಲರೆ ಜನರಿಗೆ ಮಾತ್ರ. ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು, ಇಲ್ಲವೇ ಓದಿರಬೇಕು. ಆಳುವವರ ರಾಜಧಾನಿಯಲ್ಲಿ ಸಿಗುವ ಹಕ್ಕು ಆಳಿಸಿಕೊಳ್ಳುವವರ ಹಳ್ಳಿಯಲ್ಲಿ ಸಿಗುತ್ತಿರಲಿಲ್ಲ.

ಈ ಬಾಗಿಲನ್ನು ಮೊದಲು ತಟ್ಟಿದವರು ಮೆನನ್ ಅಲ್ಲ. ಮುಂಬಯಿಯ ಪುರಸಭೆಯಲ್ಲಿ ಸದಸ್ಯರಾಗಿದ್ದ ದಾದಾಭಾಯಿ ನವರೋಜಿ 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಐದೇ ಮತಗಳ ಅಂತರದಲ್ಲಿ ಗೆದ್ದು ಹೌಸ್ ಆಫ್ ಕಾಮನ್ಸ್ ಪ್ರವೇಶಿಸಿದ್ದರು. 1895ರಲ್ಲಿ ಅವರು ಸೋತರು. ಅದೇ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಮಂಚರ್ಜಿ ಭವನಗರಿ ಗೆದ್ದರು. 1922ರಲ್ಲಿ ಬ್ಯಾಟರ್‌ಸೀ ನಾರ್ತ್‌ನಿಂದ ಶಾಪುರ್ಜಿ ಸಕ್ಲಾತ್‌ವಾಲಾ ಬಂದರು. ಇವರು ಕಮ್ಯುನಿಸ್ಟರು, ಟಾಟಾ ಮನೆತನದ ನಂಟು ಬೇರೆ. ಮೂವರೂ ಪಾರ್ಸಿಗಳು ಎಂಬುದು ಗಮನಿಸಬೇಕಾದದ್ದು. 1929ರಲ್ಲಿ ಸಕ್ಲಾತ್‌ವಾಲಾ ಸೋತ ಮೇಲೆ ಆ ಸಾಲು ನಿಂತುಹೋಯಿತು.

ಮೆನನ್ ಕಲ್ಲಿಕೋಟೆಯಲ್ಲಿ 1896ರಲ್ಲಿ ಹುಟ್ಟಿದವರು. ತಂದೆ ವಕೀಲರು. ಮದರಾಸಿನಲ್ಲಿ ಓದುವಾಗ ಆನಿ ಬೆಸೆಂಟರ ಹೋಂ ರೂಲ್ ಚಳವಳಿಯ ಸೆಳೆತಕ್ಕೆ ಸಿಕ್ಕಿ, 1924ರಲ್ಲಿ ಲಂಡನ್ನಿಗೆ ಹೋದರು. ಸ್ವಲ್ಪ ದಿನದ ಮಟ್ಟಿಗೆಂದು ಹೋದವರು ಎರಡು ದಶಕ ಮೀರಿ ಅಲ್ಲೇ ಉಳಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹೆರಾಲ್ಡ್ ಲಾಸ್ಕಿ ಅವರ ಗುರು. ಇಂಡಿಯಾ ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿ, ಭಾರತದ ಸ್ವಾತಂತ್ರ್ಯದ ಪರವಾಗಿ ಬ್ರಿಟಿಷರ ಮನವೊಲಿಸುವುದು ಅವರ ಪೂರ್ಣಾವಧಿ ಕೆಲಸವಾಯಿತು. 1932ರಲ್ಲಿ ಎಲೆನ್ ವಿಲ್ಕಿನ್ಸನ್ ಮೊದಲಾದ ಮೂವರನ್ನು ಕರೆದುಕೊಂಡು ಭಾರತಕ್ಕೆ ಬಂದು ದಬ್ಬಾಳಿಕೆಯ ಸ್ಥಿತಿಗತಿ ಕಂಡುಹೋದರು. ಆ ವರದಿಗೆ ಬರ್ಟ್ರಂಡ್ ರಸೆಲ್ ಮುನ್ನುಡಿ ಬರೆದರು.

ಊಟಕ್ಕಿಂತ ಹೆಚ್ಚಾಗಿ ಚಹಾದ ಮೇಲೇ ದಿನ ತಳ್ಳುತ್ತಿದ್ದ, ಬಾಡಿಗೆ ಕೋಣೆಯಲ್ಲಿ ಬದುಕುತ್ತಿದ್ದ ಈ ಮನುಷ್ಯ 1934ರಲ್ಲಿ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಸೇಂಟ್ ಪ್ಯಾಂಕ್ರಸ್ ಬರೋ ಕೌನ್ಸಿಲ್ಲಿಗೆ ಆರಿಸಿ ಬಂದರು.

ಬರೋ ಎಂದರೆ ಏನು? 1899ರ ಕಾಯಿದೆಯಂತೆ ಲಂಡನ್ ಕೌಂಟಿಯನ್ನು 28 ಬರೋಗಳಾಗಿ ವಿಂಗಡಿಸಲಾಗಿತ್ತು. ಇಡೀ ಲಂಡನ್ನಿನ ದೊಡ್ಡ ಕೆಲಸಗಳಾದ ಶಾಲೆ, ಅಗ್ನಿಶಾಮಕ ಮುಂತಾದವು ಕೌಂಟಿ ಕೌನ್ಸಿಲ್ಲಿಗೆ. ಕಸ, ನೈರ್ಮಲ್ಯ, ಬೀದಿದೀಪ, ಸಾರ್ವಜನಿಕ ಸ್ನಾನಗೃಹ, ಗ್ರಂಥಾಲಯ ಇವೆಲ್ಲ ಬರೋಗಳಿಗೆ. ಮನೆ ಬಾಗಿಲಿನ ಆಡಳಿತ ಎನ್ನಬಹುದು. ಮತದ ಹಕ್ಕು ಸ್ಥಳೀಯ ಕರ ಕಟ್ಟುವ ಮನೆಯವರಿಗೆ. ಸದಸ್ಯರಿಗೆ ಸಂಬಳವಿಲ್ಲ. ಪಾರ್ಲಿಮೆಂಟ್ ಸದಸ್ಯರಿಗೆ 1911ರಿಂದ ವರ್ಷಕ್ಕೆ 400 ಪೌಂಡ್ ಸಿಗುತ್ತಿತ್ತು. ಕೌನ್ಸಿಲರನಿಗೆ ಸಿಗುತ್ತಿದ್ದದ್ದು ಸಂಜೆಯ ಸಭೆಗಳು ಮತ್ತು ವಾರ್ಡಿನವರ ದೂರುಗಳು.

ಸೇಂಟ್ ಪ್ಯಾಂಕ್ರಸ್ ಅಂಥ ಹೆಸರುವಾಸಿ ಬಡಾವಣೆಯೇನಲ್ಲ. ಯೂಸ್ಟನ್, ಸೇಂಟ್ ಪ್ಯಾಂಕ್ರಸ್, ಕಿಂಗ್ಸ್ ಕ್ರಾಸ್ ಈ ಮೂರೂ ದೊಡ್ಡ ರೈಲು ನಿಲ್ದಾಣಗಳು ಅದರ ಎಲ್ಲೆಯೊಳಗೇ ಇದ್ದವು. ಹೊಗೆ, ಮಸಿ, ಕಿಕ್ಕಿರಿದ ಬಾಡಿಗೆ ಮನೆಗಳು, ಸುಮಾರು ಎರಡು ಲಕ್ಷ ಜನ. ಉತ್ತರಕ್ಕೆ ಹೈಗೇಟ್ ಕಡೆಗೆ ಏರಿದಂತೆ ಅನುಕೂಲಸ್ಥರ ಮನೆಗಳು. ಈ ಊರಿನ ಆಡಳಿತಕ್ಕೆ ಒಂದು ವಿಚಿತ್ರ ಪರಂಪರೆಯೂ ಇತ್ತು. ನಾಟಕಕಾರ ಬರ್ನಾರ್ಡ್ ಷಾ 1897ರಿಂದ 1903ರವರೆಗೆ ಇಲ್ಲಿನ ಸದಸ್ಯ. ಹೆಂಗಸರಿಗೆ ಒಂದು ಸಾರ್ವಜನಿಕ ಶೌಚಾಲಯ ಕಟ್ಟಿಸಬೇಕೆಂದು ಷಾ ಈ ಕೌನ್ಸಿಲ್ಲಿನಲ್ಲಿ ಹೋರಾಡಿ ಮೂಗುಮುರಿತಗಳನ್ನು ಎದುರಿಸಬೇಕಾಯಿತು. ಮುಂದೆ ಅವರು ಲಂಡನ್ ಕೌಂಟಿ ಕೌನ್ಸಿಲ್ಲಿಗೆ ನಿಂತು 1904ರಲ್ಲಿ ಸೋತರು. ಷಾ ಅಂಥವರಿಗೇ ವಾರ್ಡಿನಿಂದ ಮೇಲಿನ ಮೆಟ್ಟಿಲು ಸುಲಭವಾಗಿರಲಿಲ್ಲ.

ಮೆನನ್ ಹೆಸರು ಅಲ್ಲಿ ಉಳಿದದ್ದು ಗ್ರಂಥಾಲಯ ಸಮಿತಿಯ ಅಧ್ಯಕ್ಷರಾಗಿ. ಇದು ಆಕಸ್ಮಿಕವಲ್ಲ. ಹಗಲು ಹೊತ್ತಿನಲ್ಲಿ ಅವರು ಪುಸ್ತಕ ಪ್ರಕಾಶನದ ಮನುಷ್ಯ. ಬಾಡ್ಲೀ ಹೆಡ್ ಪ್ರಕಾಶನದಲ್ಲಿ ಸಂಪಾದಕರಾಗಿದ್ದರು. ನೆಹರೂ ಅವರ ಆತ್ಮಚರಿತ್ರೆ 1936ರಲ್ಲಿ ಅಲ್ಲಿಂದಲೇ ಬಂತು. 1937ರಲ್ಲಿ ಅಲೆನ್ ಲೇನ್ ಅವರು ಪೆಂಗ್ವಿನ್‌ನ ಅಡಿಯಲ್ಲಿ ಪೆಲಿಕನ್ ಮಾಲೆ ಆರಂಭಿಸಿದಾಗ ಅದರ ಮೊದಲ ಸಂಪಾದಕರಲ್ಲಿ ಮೆನನ್ ಒಬ್ಬರು. ಆರು ಪೆನ್ಸಿಗೆ, ಅಂದರೆ ಒಂದು ಸಿಗರೇಟು ಪ್ಯಾಕಿನ ದರಕ್ಕೆ, ಅರ್ಥಶಾಸ್ತ್ರ, ವಿಜ್ಞಾನ, ಇತಿಹಾಸದ ಗಂಭೀರ ಪುಸ್ತಕ. ಮಾಲೆಯ ಮೊದಲ ಪುಸ್ತಕ ಷಾ ಅವರದ್ದೇ. ಲೇನ್ ಮತ್ತು ಮೆನನ್ ಬೇಗನೆ ಜಗಳವಾಡಿ ಬೇರೆಯಾದರು. ಜೊತೆಗೆ ಕೆಲಸ ಮಾಡುವವರೊಂದಿಗೆ ಮುನಿಸಿಕೊಳ್ಳುವುದು ಮೆನನ್‌ಗೆ ಜೀವನದುದ್ದಕ್ಕೂ ಅಂಟಿದ ಜಾಡ್ಯ. ಆದರೆ ಅಗ್ಗದ ಪುಸ್ತಕ ಅಚ್ಚು ಮಾಡಿಸುವುದೂ, ಅದನ್ನೂ ಕೊಳ್ಳಲಾರದವನಿಗೆ ವಾರ್ಡಿನಲ್ಲಿ ಗ್ರಂಥಾಲಯ ಒದಗಿಸುವುದೂ ಒಂದೇ ಯೋಚನೆಯ ಎರಡು ತುದಿಗಳೆಂದು ನನಗೆ ತೋರುತ್ತದೆ.

ಯುದ್ಧ ಬಂದಾಗ ಚುನಾವಣೆಗಳು ನಿಂತವು. ಇದ್ದ ಸದಸ್ಯರೇ ಮುಂದುವರಿದರು. ಬಾಂಬು ಬೀಳುತ್ತಿದ್ದ ರಾತ್ರಿಗಳಲ್ಲಿ ಮೆನನ್ ಆ ಬರೋದಲ್ಲಿ ವಾಯುದಾಳಿ ವಾರ್ಡನ್ ಆಗಿ ದುಡಿದರು. ಭಾರತಕ್ಕೆ ಸ್ವಾತಂತ್ರ್ಯ ಕೊಡದೆ ಯುದ್ಧಕ್ಕೆ ಅದರ ಬೆಂಬಲ ಕೇಳಬೇಡಿ ಎಂದು ಹಗಲು ವೇದಿಕೆಯಲ್ಲಿ ವಾದಿಸಿ, ರಾತ್ರಿ ಲಂಡನ್ನಿಗರನ್ನು ಆಶ್ರಯತಾಣಗಳಿಗೆ ಸಾಗಿಸುವುದು ಅವರಿಗೆ ವಿರೋಧಾಭಾಸವೆನಿಸಲಿಲ್ಲ. ಸರ್ಕಾರಕ್ಕೆ ಮಾತ್ರ ಅವರ ಮೇಲೆ ಗುಮಾನಿ. ಬ್ರಿಟನ್ನಿನ ಗುಪ್ತಚರ ದಳ ಅವರ ಮೇಲೆ ಇಟ್ಟಿದ್ದ ಕಡತಗಳು 2007ರಲ್ಲಿ ಸಾರ್ವಜನಿಕವಾದವು.

ಈಗ ಡಂಡೀ ವಿಷಯ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಈ ಊರಿನಿಂದ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು. 1939ರ ಸುಮಾರಿಗೆ ಅಲ್ಲಿನ ಲೇಬರ್ ಪಕ್ಷ ಮೆನನ್‌ರನ್ನು ತನ್ನ ಮುಂದಿನ ಅಭ್ಯರ್ಥಿಯಾಗಿ ಗೊತ್ತುಮಾಡಿಕೊಂಡಿತು. ಬ್ರಿಟನ್ನಿನಲ್ಲಿ ಅಭ್ಯರ್ಥಿಯನ್ನು ಮೊದಲು ಆರಿಸುವುದು ಕ್ಷೇತ್ರದ ಪಕ್ಷದ ಘಟಕ. ಬಳಿಕ ಕೇಂದ್ರ ಕಾರ್ಯಕಾರಿ ಸಮಿತಿ ಒಪ್ಪಿಗೆ ಕೊಡಬೇಕು. ದೆಹಲಿಯಿಂದ ಟಿಕೆಟ್ ಇಳಿದು ಬರುವುದನ್ನೇ ಕಂಡಿರುವ ನಮಗೆ ಈ ಕ್ರಮ ತಿರುವುಮುರುವಾಗಿ ಕಾಣಬಹುದು. ಕೊನೆಯ ಮಾತು ಮೇಲಿನವರದ್ದೇ ಎಂಬುದರಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ.

ಡಂಡೀಯ ಆಯ್ಕೆ ಸಾಮಾನ್ಯದ್ದಲ್ಲ. ಆ ಊರು ಬದುಕಿದ್ದೇ ಸೆಣಬಿನಿಂದ. ಬಂಗಾಳದ ಗದ್ದೆಗಳಲ್ಲಿ ಬೆಳೆದ ಸೆಣಬು ಹಡಗೇರಿ ಡಂಡೀಗೆ ಹೋಗಿ ಗೋಣಿ ಬಟ್ಟೆಯಾಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಹೂಗ್ಲಿ ನದಿಯ ದಂಡೆಯಲ್ಲೇ ಗಿರಣಿಗಳು ಎದ್ದವು. ಯಂತ್ರ ಬಂದದ್ದು ಡಂಡೀಯಿಂದ, ಮೇಸ್ತ್ರಿಗಳೂ ಡಂಡೀಯವರೇ. ಕಲಿಸಿಕೊಟ್ಟವರನ್ನು ಕಲ್ಕತ್ತ ಹಿಂದಿಕ್ಕಿತು. 1930ರ ದಶಕದ ಹೊತ್ತಿಗೆ ಡಂಡೀಯಲ್ಲಿ ನಿರುದ್ಯೋಗ ತಾಂಡವವಾಡುತ್ತಿತ್ತು. ಭಾರತದ ಅಗ್ಗದ ಗೋಣಿಯ ಮೇಲೆ ಸುಂಕ ಹಾಕಿ ಎಂಬ ಕೂಗು ಎದ್ದಿತ್ತು. ಹೊಟ್ಟೆಗೆ ಹೊಡೆದದ್ದು ಭಾರತದ ಗಿರಣಿ ಎಂದು ನಂಬಿದ ಊರಿನಲ್ಲಿ ಒಬ್ಬ ಭಾರತೀಯನನ್ನು ಕಾರ್ಮಿಕರ ಪಕ್ಷವೇ ಪಾರ್ಲಿಮೆಂಟಿಗೆ ಕಳಿಸಲು ಮನಸ್ಸು ಮಾಡಿತು. ಕಲ್ಕತ್ತದ ಗಿರಣಿಯ ಕೂಲಿ ಏರಿದರೆ ಮಾತ್ರ ಡಂಡೀಯ ಕೂಲಿ ಉಳಿದೀತು, ಇಬ್ಬರ ಶತ್ರುವೂ ಒಬ್ಬನೇ ಎಂಬ ಸಮಾಜವಾದಿ ವಾದ ಬರಿಯ ಪುಸ್ತಕದ ಮಾತಾಗಿದ್ದರೆ ಇಂಥ ಆಯ್ಕೆ ನಡೆಯುತ್ತಿರಲಿಲ್ಲ.

ಡಂಡೀಗೆ ಹಟಮಾರಿ ಸ್ವಭಾವವೂ ಇತ್ತೆನ್ನಬೇಕು. 1908ರಿಂದ ಅಲ್ಲಿನ ಸದಸ್ಯರಾಗಿದ್ದ ವಿನ್‌ಸ್ಟನ್ ಚರ್ಚಿಲ್‌ರನ್ನು 1922ರಲ್ಲಿ ಆ ಊರು ಸೋಲಿಸಿ ಕಳಿಸಿತ್ತು. ಗೆದ್ದವರಲ್ಲಿ ಒಬ್ಬರು ಪಾನನಿರೋಧವಾದಿ ಎಡ್ವಿನ್ ಸ್ಕ್ರಿಮ್‌ಜರ್. ಮದ್ಯಕ್ಕೆ ಹೆಸರಾದ ಸ್ಕಾಟ್ಲೆಂಡಿನಲ್ಲಿ!

ಆದರೆ ಕಾಲ ಕೂಡಿ ಬರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾಯಿತು. ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. 1940ರ ಮೇ ತಿಂಗಳಲ್ಲಿ ಲೇಬರ್ ಪಕ್ಷ ಚರ್ಚಿಲ್‌ರ ಸಂಯುಕ್ತ ಸರ್ಕಾರ ಸೇರಿತು. ಈಗ ಪಕ್ಷದ ನಾಯಕರ ಕಣ್ಣಿಗೆ ಮೆನನ್ ಎರಡು ರೀತಿಯಲ್ಲಿ ಮುಜುಗರ. ಕಮ್ಯುನಿಸ್ಟರ ಜೊತೆ ಅವರ ಒಡನಾಟ ಒಂದು. ಅವರ ನಿಷ್ಠೆ ಪಕ್ಷಕ್ಕೋ ಭಾರತಕ್ಕೋ ಎಂಬ ಅನುಮಾನ ಇನ್ನೊಂದು. ಡಂಡೀಯ ಉಮೇದುವಾರಿಕೆ ಮೇಲಿನವರ ಕೈಯಲ್ಲಿ ಸತ್ತುಹೋಯಿತು. ಮೆನನ್ ಪಕ್ಷದಿಂದ ಹೊರಬಂದರು. ಯುದ್ಧದ ಕೊನೆಯ ಹೊತ್ತಿಗೆ ಮತ್ತೆ ಸೇರಿಕೊಂಡರು, ಆದರೆ ಕ್ಷೇತ್ರ ಕೈತಪ್ಪಿತ್ತು. ಕೌನ್ಸಿಲ್ಲಿನ ಕೆಲಸ ಮಾತ್ರ 1947ರವರೆಗೂ ನಡೆಯಿತು. ವಾರ್ಡಿನವರಿಗೆ ಇಲ್ಲದ ಅನುಮಾನ ಪಕ್ಷದ ಕಚೇರಿಗೆ ಇತ್ತು ಎಂದರ್ಥ.

1945ರ ಜುಲೈಯಲ್ಲಿ ಲೇಬರ್ ಪಕ್ಷ ದೇಶವನ್ನೇ ಗೆದ್ದಿತು. ಡಂಡೀಯ ಎರಡೂ ಸ್ಥಾನಗಳು ಅದರ ಪಾಲಾದವು. ಅಲ್ಲಿಂದ ಗೆದ್ದ ಜಾನ್ ಸ್ಟ್ರೇಚಿ ಮುಂದಿನ ವರ್ಷ ಆಹಾರ ಸಚಿವರಾದರು. ಸ್ಟ್ರೇಚಿ ಕೂಡ 1930ರ ದಶಕದಲ್ಲಿ ಕಮ್ಯುನಿಸ್ಟರಿಗೆ ಮೆನನ್‌ಗಿಂತ ದೂರವೇನೂ ಇರಲಿಲ್ಲ. ಮೆನನ್‌ರ ಹೆಸರು ಉಳಿದಿದ್ದರೆ 1947ರ ಬೇಸಿಗೆಯಲ್ಲಿ ಭಾರತ ಸ್ವಾತಂತ್ರ್ಯ ಮಸೂದೆಗೆ ಕಾಮನ್ಸ್ ಸಭೆಯ ಬೆಂಚಿನಿಂದ ಒಪ್ಪಿಗೆ ಕೊಟ್ಟವರಲ್ಲಿ ಕಲ್ಲಿಕೋಟೆಯವನೊಬ್ಬ ಇರುತ್ತಿದ್ದನೇನೋ. ಹೋಲಿಕೆಗೆ ಸೇಂಟ್ ಪ್ಯಾಂಕ್ರಸ್‌ನ ಅದೇ ಕೌನ್ಸಿಲ್ಲಿನಲ್ಲಿ ಕುಳಿತಿದ್ದ ಇನ್ನೊಬ್ಬರನ್ನು ನೋಡಬಹುದು. 1937ರಲ್ಲಿ ಅಲ್ಲಿಗೆ ಆರಿಸಿ ಬಂದ ಬಾರ್ಬರಾ ಬೆಟ್ಸ್, ಮದುವೆಯ ಬಳಿಕ ಬಾರ್ಬರಾ ಕ್ಯಾಸಲ್, 1945ರಲ್ಲಿ ಬ್ಲ್ಯಾಕ್‌ಬರ್ನ್‌ನಿಂದ ಪಾರ್ಲಿಮೆಂಟಿಗೆ ಹೋಗಿ, ಮುಂದೆ ಸಚಿವೆಯಾಗಿ 1970ರ ಸಮಾನ ವೇತನ ಕಾಯಿದೆಯನ್ನು ತಂದರು. ಒಂದೇ ಕೌನ್ಸಿಲ್ಲಿನಿಂದ ಹೊರಟ ಇಬ್ಬರಲ್ಲಿ ಒಬ್ಬರಿಗೆ ದಾರಿ ತೆರೆಯಿತು. ಇನ್ನು ಕಾಮನ್ಸ್ ಸಭೆಯಲ್ಲಿ ಭಾರತೀಯ ಮೂಲದವರೊಬ್ಬರು ಮತ್ತೆ ಕಾಣಿಸಿಕೊಳ್ಳಲು 1987ರವರೆಗೆ ಕಾಯಬೇಕಾಯಿತು. ಗೋವಾ ಮೂಲದ ಕೀತ್ ವಾಜ್ ಆ ವರ್ಷ ಲೆಸ್ಟರ್ ಈಸ್ಟ್‌ನಿಂದ ಗೆದ್ದರು. ಸಕ್ಲಾತ್‌ವಾಲಾ ಸೋತ ಮೇಲೆ ಐವತ್ತೆಂಟು ವರ್ಷ!

ಮೆನನ್‌ರಿಗೆ ಬಾಗಿಲು ತೆರೆದದ್ದು ತಾಯ್ನಾಡಿನಲ್ಲಿ. 1947ರಿಂದ 1952ರವರೆಗೆ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್. ಜೀಪು ಖರೀದಿಯ ಹಗರಣದ ಕರಿ ನೆರಳು ಆ ಅವಧಿಯ ಮೇಲಿದೆ. ಬಳಿಕ ವಿಶ್ವಸಂಸ್ಥೆ. 1953ರಲ್ಲಿ ಮದರಾಸಿನಿಂದ ರಾಜ್ಯಸಭೆ, 1956ರಲ್ಲಿ ಖಾತೆಯಿಲ್ಲದ ಸಚಿವ. 1955ರಲ್ಲಿ ಸೇಂಟ್ ಪ್ಯಾಂಕ್ರಸ್ ತನ್ನ ಹಳೆಯ ಸದಸ್ಯನಿಗೆ 'ಫ್ರೀಡಮ್ ಆಫ್ ದಿ ಬರೋ' ಗೌರವ ಕೊಟ್ಟಿತು. ಷಾ ಅವರ ಬಳಿಕ ಅದನ್ನು ಪಡೆದ ಎರಡನೆಯವರು ಮೆನನ್. ಹತ್ತು ವರ್ಷಗಳ ಬಳಿಕ, 1965ರಲ್ಲಿ, ಆ ಬರೋ ಕ್ಯಾಮ್ಡನ್‌ನಲ್ಲಿ ಲೀನವಾಯಿತು.

1957ರಲ್ಲಿ ಅವರು ಉತ್ತರ ಮುಂಬಯಿಯಿಂದ ಲೋಕಸಭೆಗೆ ನಿಂತರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಬಿಸಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿಗಳು ಬೆವರುತ್ತಿದ್ದ ಚುನಾವಣೆ ಅದು. ಆದರೂ ಗೆದ್ದು ರಕ್ಷಣಾ ಸಚಿವರಾದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲ ಹಾರಾಟ ನಡೆಸಿದ್ದು, ವಿಜಾಪುರಕ್ಕೂ ಒಂದನ್ನು ತಂದ ಸೈನಿಕ ಶಾಲೆಗಳ ಯೋಜನೆ ಹುಟ್ಟಿದ್ದು ಅವರ ಕಾಲದಲ್ಲೇ. 1962ರ ಆರಂಭದಲ್ಲಿ ಅವರ ಎದುರು ನಿಂತವರು ಆಚಾರ್ಯ ಕೃಪಲಾನಿ. ದೇಶದ ಕಣ್ಣೆಲ್ಲ ಆ ಒಂದು ಕ್ಷೇತ್ರದ ಮೇಲೆ. ನೆಹರೂ ಬಂದು ಮತ ಕೇಳಿದರು, ನಟ ದಿಲೀಪ್ ಕುಮಾರ್ ಪ್ರಚಾರ ಮಾಡಿದರು. ಕೃಪಲಾನಿಯವರಿಗೆ ಬಿದ್ದದ್ದರ ಸುಮಾರು ಎರಡರಷ್ಟು ಮತ ಪಡೆದು ಮೆನನ್ ಗೆದ್ದರು. ಅದೇ ವರ್ಷದ ಅಕ್ಟೋಬರ್ 20ರಂದು ಚೀನಾದ ದಾಳಿ ಶುರುವಾಯಿತು. ತಿಂಗಳ ಕೊನೆಗೆ ರಕ್ಷಣಾ ಖಾತೆ ಹೋಯಿತು, ನವೆಂಬರ್ 7ರಂದು ಮಂತ್ರಿಮಂಡಲದಿಂದಲೇ ಹೊರಗೆ. ಸೋಲಿನ ಹೊಣೆಯಲ್ಲಿ ಅವರ ಪಾಲು ದೊಡ್ಡದು. ಸೇನಾಧಿಕಾರಿಗಳನ್ನು ಅವಮಾನಿಸುವ ಅವರ ನಾಲಿಗೆಯೂ, ಕಿವಿಗೊಡದ ಸ್ವಭಾವವೂ ದೇಶಕ್ಕೆ ದುಬಾರಿಯಾದವು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು 1967. ಎರಡು ಬಾರಿ ಗೆದ್ದ ನಗರದಲ್ಲಿ ಮೆನನ್‌ರಿಗೆ ಕಾಂಗ್ರೆಸ್ ಟಿಕೆಟ್ ನಿರಾಕರಿಸಿತು. ಕೊಟ್ಟ ಕಾರಣ, ಅವರು ಮಹಾರಾಷ್ಟ್ರದವರಲ್ಲ ಎಂಬುದು. ಅವರು ಪಕ್ಷ ಬಿಟ್ಟು ಈಶಾನ್ಯ ಮುಂಬಯಿಯಲ್ಲಿ ಪಕ್ಷೇತರರಾಗಿ ನಿಂತರು. ಎದುರಾಳಿ ಹಿಂದಿನ ಐ.ಸಿ.ಎಸ್. ಅಧಿಕಾರಿ ಎಸ್.ಜಿ. ಬರ್ವೆ. ಹಿಂದಿನ ವರ್ಷ, 1966ರ ಜೂನ್‌ನಲ್ಲಿ, ಹುಟ್ಟಿದ್ದ ಶಿವಸೇನೆಗೆ ಇದು ಹೇಳಿ ಮಾಡಿಸಿದ ಸಮರ. ದಕ್ಷಿಣದವರು ಮರಾಠಿಗರ ಕೆಲಸ ಕಸಿದರು ಎಂಬ ಅದರ ಕೂಗಿಗೆ ಮೆನನ್‌ಗಿಂತ ದೊಡ್ಡ ಗುರಿ ಎಲ್ಲಿ ಸಿಗಬೇಕು? ಆ ದಿನಗಳಲ್ಲಿ 'ಮದ್ರಾಸಿ' ಎಂಬ ಒಂದೇ ಮಾತಿನ ಗೋಣಿಚೀಲದಲ್ಲಿ ಮಲಯಾಳಿ, ತಮಿಳರ ಜೊತೆಗೆ ನಮ್ಮ ಉಡುಪಿ ಹೋಟೆಲಿನವರನ್ನೂ ತುಂಬಲಾಗುತ್ತಿತ್ತೆಂಬುದನ್ನು ಮುಂಬಯಿಯ ಹಳೆಯ ಕನ್ನಡಿಗರು ಮರೆತಿಲ್ಲ. ಮೆನನ್ ಸೋತರು. ಗೆದ್ದ ಬರ್ವೆ ಕೆಲವೇ ದಿನಗಳಲ್ಲಿ ತೀರಿಕೊಂಡರು. ಉಪಚುನಾವಣೆಯಲ್ಲಿ ಬರ್ವೆಯವರ ಸಹೋದರಿ ತಾರಾ ಸಪ್ರೆ ಎದುರು ಮೆನನ್ ಮತ್ತೆ ಸೋತರು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1951ರ ಜನಪ್ರಾತಿನಿಧ್ಯ ಕಾಯಿದೆಯಂತೆ ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರ ಸಾಮಾನ್ಯವಾಗಿ ಇನ್ನಾವ ಕ್ಷೇತ್ರದಿಂದಲೂ ಲೋಕಸಭೆಗೆ ನಿಲ್ಲಬಹುದು. ಲೋಕಸಭೆಯ ಸದಸ್ಯ ಇಡೀ ದೇಶದ ಪ್ರತಿನಿಧಿ ಎಂಬ ಕಲ್ಪನೆ ಅದರ ಹಿಂದಿದೆ. ಸಾಮ್ರಾಜ್ಯದ ಕಾನೂನು ಕಲ್ಲಿಕೋಟೆಯವನಿಗೆ ಡಂಡೀಯನ್ನು ತೆರೆದಿಟ್ಟಂತೆಯೇ, ಗಣರಾಜ್ಯದ ಕಾನೂನು ಮುಂಬಯಿಯನ್ನು ತೆರೆದಿಟ್ಟಿತ್ತು. ಎರಡು ಕಡೆಯೂ ಅಡ್ಡ ಬಂದದ್ದು ಕಾನೂನಲ್ಲ. ಡಂಡೀಯಲ್ಲಿ ಊರಿನವರು ಬೇಕೆಂದರು, ಪಕ್ಷದ ಮೇಲಿನವರು ಬೇಡವೆಂದರು. ಮುಂಬಯಿಯಲ್ಲಿ ಪಕ್ಷವೂ ಬೇಡವೆಂದಿತು, ಎರಡು ಬಾರಿ ಗೆಲ್ಲಿಸಿದ್ದ ಮತದಾರರೂ ಈ ಸಲ ಕೈಬಿಟ್ಟರು.

ಎಪ್ಪತ್ತರ ಹತ್ತಿರದ ಮನುಷ್ಯ ಅಲ್ಲಿಗೆ ಸುಮ್ಮನಾಗಬಹುದಿತ್ತು. 1969ರ ಮೇ ತಿಂಗಳಲ್ಲಿ ಬಂಗಾಳದ ಮಿಡ್ನಾಪುರದಲ್ಲಿ ಉಪಚುನಾವಣೆ ಬಂತು. ಭಾಷೆ ಬಾರದ, ನೆಂಟರಿಲ್ಲದ ಆ ಊರಿನಲ್ಲಿ ಸಂಯುಕ್ತ ರಂಗದ ಬೆಂಬಲದಿಂದ ಪಕ್ಷೇತರರಾಗಿ ನಿಂತು ಭಾರಿ ಅಂತರದಿಂದ ಗೆದ್ದರು. 1971ರಲ್ಲಿ ಕೊನೆಗೂ ಹುಟ್ಟಿದ ನಾಡಿನಿಂದ, ತಿರುವನಂತಪುರದಿಂದ, ಮತ್ತೆ ಪಕ್ಷೇತರರಾಗಿಯೇ ನಿಂತು ಗೆದ್ದರು. 1974ರ ಅಕ್ಟೋಬರ್ 6ರಂದು ದೆಹಲಿಯಲ್ಲಿ ತೀರಿಕೊಂಡಾಗಲೂ ಅವರು ಆ ಕ್ಷೇತ್ರದ ಸದಸ್ಯರಾಗಿದ್ದರು.